ಹೊದಿಕೆ ಬ್ರಿಟನ್ನಿನದು, ಹಾಡುಗಳ ಪಟ್ಟಿ ಅಮೆರಿಕದ್ದು

ಮಾನ್ಯರೇ,

ಬ್ರಿಟನ್ನಿನ ರಾಕ್ ಗಾಯಕ ಎಲ್ವಿಸ್ ಕಾಸ್ಟೆಲೊ ಅವರ 1978ರ ಆಲ್ಬಮ್ ‘ದಿಸ್ ಇಯರ್ಸ್ ಮಾಡೆಲ್’ ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಕಾರಣ ಹೇಳದೆ ಹಿಂದಿರುಗಿಸುವುದು ಸರಿಯೆನಿಸಲಿಲ್ಲ.

ಮೊದಲೆರಡು ಪುಟಗಳು ಪಂಕ್ ಸಂಗೀತದ ಇತಿಹಾಸಕ್ಕೇ ಖರ್ಚಾಗಿವೆ. ಆಲ್ಬಮ್ಮಾದರೋ ವಾದ್ಯಗಳ ಪೀಠಿಕೆಗೂ ಕಾಯದೆ ಗಾಯಕನ ದನಿಯಿಂದಲೇ ಆರಂಭವಾಗುತ್ತದೆ. ‘ಅದ್ಭುತ’, ‘ಅಪ್ರತಿಮ’ ಎಂಬ ಮಾತುಗಳು ಪುಟಪುಟದಲ್ಲೂ ಸಿಗುತ್ತವೆ. ಆದರೆ ಸ್ಟೀವ್ ನೀವ್ ಅವರ ಆರ್ಗನ್ನಿನ ತೆಳುವಾದ, ಚುಚ್ಚುವಂಥ ನಾದದ ಪ್ರಸ್ತಾಪ ಒಂದು ಕಡೆಯೂ ಇಲ್ಲ. ಬಾಸ್ ಗಿಟಾರ್ ನುಡಿಸಿದ ಬ್ರೂಸ್ ಥಾಮಸ್ ಮತ್ತು ಡ್ರಮ್ಸ್ ನುಡಿಸಿದ ಪೀಟ್ ಥಾಮಸ್ ನೀವೆಂದಂತೆ ಅಣ್ಣತಮ್ಮಂದಿರಲ್ಲ. ಕಾಸ್ಟೆಲೊ ಅವರ 1977ರ ಮೊದಲ ಆಲ್ಬಮ್ಮಿನಲ್ಲಿ ನುಡಿಸಿದವರು ಈ ಮೂವರ ಅಟ್ರ್ಯಾಕ್ಷನ್ಸ್ ತಂಡದವರೂ ಅಲ್ಲ, ಅಮೆರಿಕದ ಕ್ಲೋವರ್ ತಂಡದವರು. ಎರಡಕ್ಕೂ ನಿರ್ಮಾಪಕರು ನಿಕ್ ಲೋ ಅವರೇ ಆದ್ದರಿಂದ, ವಾದಕರು ಬದಲಾದಾಗ ಅದೇ ಗಾಯಕನ ಹಾಡು ಹೇಗೆ ಬದಲಾಯಿತೆಂದು ಪಕ್ಕಪಕ್ಕದಲ್ಲಿಟ್ಟು ತೋರಿಸುವ ಅವಕಾಶ ನಿಮಗಿತ್ತು. ಇನ್ನು ಪಂಕ್ ಬೆನ್ನಿಗೇ ಬಂದ ರಾಕ್ ಶೈಲಿಯಾದ ‘ನ್ಯೂ ವೇವ್’ ಅನ್ನು ‘ಹೊಸ ಅಲೆ’ ಎಂದು ಅನುವಾದಿಸಬೇಡಿ. ನಮ್ಮ ಓದುಗರಿಗೆ ಆ ಮಾತು ಕೇಳಿದೊಡನೆ ‘ಸಂಸ್ಕಾರ’ ಸಿನಿಮಾ ಕಣ್ಣ ಮುಂದೆ ಬರುತ್ತದೆ.

ನನ್ನ ಮುಖ್ಯ ತಕರಾರು ಬೇರೆಯದು. ನಾಲ್ಕನೆಯ ಪುಟದಲ್ಲಿ ನೀವು ಆಲ್ಬಮ್ಮಿನ ಹೊದಿಕೆಯನ್ನು ವರ್ಣಿಸಿದ್ದೀರಿ: ಕ್ಯಾಮೆರಾದ ಹಿಂದೆ ನಿಂತ ಕಾಸ್ಟೆಲೊ, ಮುದ್ರಣ ತಪ್ಪಿದಂತೆ ಎಡಕ್ಕೆ ಜಾರಿದ ಚಿತ್ರ, ಮೊದಲ ಅಕ್ಷರ ಕತ್ತರಿಸಿಹೋದ ಹೆಸರು, ಬಲ ಅಂಚಿನಲ್ಲಿ ಮುದ್ರಣಾಲಯದವರು ಕತ್ತರಿಸಲು ಮರೆತಂತೆ ಉಳಿದ ಬಣ್ಣದ ಪಟ್ಟಿ. ಇಡೀ ಲೇಖನದಲ್ಲಿ ನೀವೇ ಕಂಡು ಬರೆದದ್ದೆಂದು ನನಗನಿಸಿದ್ದು ಈ ಒಂದು ಪ್ಯಾರಾ. ಆದರೆ ಅದು ಬ್ರಿಟನ್ನಿನ ಮೊದಲ ಮುದ್ರಣದ ಹೊದಿಕೆ. ಕೊನೆಯ ಪುಟದಲ್ಲಿ ರೇಡಿಯೊದ ಮೇಲಿನ ಸಿಟ್ಟಿನಲ್ಲಿ ಆಲ್ಬಮ್ ಮುಗಿಯುತ್ತದೆ ಎಂದು ಬರೆದು, ನಿಮ್ಮ ತೀರ್ಮಾನವನ್ನೆಲ್ಲ ಅದರ ಮೇಲೆ ಕಟ್ಟಿದ್ದೀರಿ. ರೇಡಿಯೊ ಕುರಿತ ಆ ಹಾಡು ಇರುವುದು ಅಮೆರಿಕದ ಆವೃತ್ತಿಯಲ್ಲಿ. ಅಲ್ಲಿ ಎರಡು ಹಾಡುಗಳನ್ನು ತೆಗೆದು ಇದನ್ನು ಸೇರಿಸಿದರು. ಹಾಗೆ ತೆಗೆದವುಗಳಲ್ಲಿ ಒಂದು, ಬ್ರಿಟನ್ನಿನ ಆವೃತ್ತಿಯನ್ನು ಮುಗಿಸುವ, ಫ್ಯಾಸಿಸ್ಟರ ರಾತ್ರಿ ಸಭೆಯ ಕುರಿತಾದ ಹಾಡು. ಹುಡುಗಿಯರ ಮೇಲೆ, ಫ್ಯಾಷನ್ನಿನ ಮೇಲೆ ರೇಗುತ್ತ ಬಂದ ದನಿ ಕೊನೆಗೆ ಅಂಥ ಸಭೆಯೊಂದರ ಬಾಗಿಲಿಗೆ ಬಂದು ನಿಂತರೆ ಹಿಂದಿನ ಹಾಡುಗಳ ಸಿಟ್ಟಿಗೂ ಬೇರೆ ಅರ್ಥ ಬರುತ್ತದೆ. ರೇಡಿಯೊ ಮಂದಿಯನ್ನು ಬೈದು ಮುಗಿದರೆ ಅದು ಬರಿಯ ಸಂಗೀತಗಾರನ ಜಗಳವಾಗುತ್ತದೆ. ನೀವು ಒಂದರ ಹೊದಿಕೆ ನೋಡಿ ಇನ್ನೊಂದನ್ನು ಕೇಳಿದ್ದೀರಿ.

ಅಮೆರಿಕದ ‘ವಿಲೇಜ್ ವಾಯ್ಸ್’ ಪತ್ರಿಕೆಯ ವಿಮರ್ಶಕರ ಸಮೀಕ್ಷೆಯಲ್ಲಿ ಇದು 1978ರ ಅಗ್ರ ಆಲ್ಬಮ್ ಆಗಿತ್ತೆಂದು ನೀವು ಮೂರು ಸಲ ಹೇಳಿದ್ದೀರಿ. ಒಂದು ಸಲ ಸಾಕು.

ಎರಡೂ ಆವೃತ್ತಿಗಳನ್ನು ಅವುಗಳ ಕ್ರಮದಲ್ಲೇ ಕೇಳಿ, ಹೊದಿಕೆಯ ಪ್ಯಾರಾದಿಂದ ಲೇಖನವನ್ನು ಆರಂಭಿಸಿ, ಸಾವಿರ ಪದಗಳೊಳಗೆ ಬರೆದು ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಇತಿ,
ಸಂಪಾದಕ