ಹಳೇ ಜೆನ್ನನ್ನು ಟ್ರ್ಯಾಕ್ ಕಾರ್ ಮಾಡಬಹುದು, ಎಂಜಿನ್ ವಿಚಾರ ಕೊನೆಗಿರಲಿ

ನೀವು ಕೇಳಿದ್ದು ಇಷ್ಟು: ಚಿತ್ರದುರ್ಗದ ಮನೆಯಲ್ಲಿ ಅಪ್ಪನ 2002ರ ಮಾರುತಿ ಜೆನ್ ಸುಮ್ನೆ ನಿಂತಿದೆ, ಗುಜರಿಯವರು ದಿನಾ ಕೇಳ್ತಿದ್ದಾರೆ. ಅದನ್ನು ಮನೆ ಮುಂದೇನೇ ಬಿಚ್ಚಿ ಟ್ರ್ಯಾಕ್ ಕಾರ್, ಅಂದರೆ ರೇಸ್ ಟ್ರ್ಯಾಕಿನಲ್ಲಿ ಓಡಿಸೋ ಕಾರ್ ಮಾಡಬಹುದಾ? ಮಾರುತಿಯದೇ ಎಸ್ಟೀಮ್ ಕಾರಿನ ದೊಡ್ಡ ಎಂಜಿನ್ ಹಾಕಲೇಬೇಕಾ? ಅಪ್ಪನನ್ನು ಒಪ್ಪಿಸೋದು ಹೇಗೆ?

ನಾನು ದಾವಣಗೆರೆಯವನು. 1998ರ ಜೆನ್ ಒಂದನ್ನು ಇದೇ ಹುಚ್ಚಿಗೆ ಹಾಕಿದವನು. ಮಾಡಬಹುದು. ಆದರೆ ಎಂಜಿನ್ ವಿಚಾರವನ್ನು ಈಗಲೇ ಪಕ್ಕಕ್ಕಿಡಿ. ನಾನೂ ಅದರಿಂದಲೇ ಶುರು ಮಾಡಬೇಕು ಅಂತಿದ್ದೆ. ಕೈಯಲ್ಲಿ ದುಡ್ಡಿರಲಿಲ್ಲ, ಬಚಾವಾದೆ.

ನಿಮ್ಮದು 2002 ಅಂದರೆ ಎಂಪಿಎಫ್‌ಐ, ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸೋ ಎಂಜಿನ್. 993 ಸಿಸಿ, 60 ಹಾರ್ಸ್‌ಪವರ್. ನನ್ನದು ಕಾರ್ಬುರೇಟರ್ ಗಾಡಿ, ಅದಕ್ಕೆ 50. ಎಸ್ಟೀಮಿನ 1298 ಸಿಸಿ, 16 ವಾಲ್ವಿನ ಎಂಜಿನ್ 85 ಕೊಡುತ್ತೆ. ಅದು ಜೆನ್ನಿನೊಳಗೆ ಕೂರುತ್ತೆ, ಕೂರಿಸಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಎಂಜಿನ್ ಜೊತೆ ಮೌಂಟಿಂಗ್, ವೈರಿಂಗ್, ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್), ಸೈಲೆನ್ಸರ್ ಎಲ್ಲಾ ಬರಬೇಕು. ಆರು ತಿಂಗಳು ಗಾಡಿ ಸ್ಟ್ಯಾಂಡ್ ಮೇಲೆ ನಿಂತರೆ ನಿಮ್ಮ ಹುಮ್ಮಸ್ಸೂ ಅಲ್ಲೇ ನಿಲ್ಲುತ್ತೆ.

ಮೊದಲು ಒಂದು ಸ್ಕ್ರೂಡ್ರೈವರ್ ತಗೊಂಡು ಕಾರಿನ ಕೆಳಗೆ ಹೋಗಿ. ಡ್ರೈವರ್ ಕಾಲಿನ ಕೆಳಗಿನ ಕಾರ್ಪೆಟ್ ಎತ್ತಿ, ಬಾಗಿಲ ಕೆಳಗಿನ ಪಟ್ಟಿ ನೋಡಿ, ಬಾನೆಟ್ ಎತ್ತಿ ಮುಂದಿನ ಶಾಕ್ ಅಬ್ಸಾರ್ಬರ್ ತಲೆ ಕೂರೋ ಜಾಗ ನೋಡಿ. ಅಲ್ಲೆಲ್ಲ ಸ್ಕ್ರೂಡ್ರೈವರ್ ಒತ್ತಿ. ಠಣ್ ಅಂದರೆ ಸರಿ. ಚುಚ್ಚಿಕೊಂಡು ಒಳಗೆ ಹೋದರೆ ಗುಜರಿಯವನಿಗೆ ಫೋನ್ ಮಾಡಿ, ಈ ಉತ್ತರ ಮುಂದೆ ಓದೋದೂ ಬೇಡ. ನಮ್ಮ ಕಡೆ ಒಣ ಹವೆ, ಕರಾವಳಿ ಗಾಡಿಗಳಷ್ಟು ತುಕ್ಕು ಇರಲ್ಲ. ಅದು ನಿಮ್ಮ ಪುಣ್ಯ.

ಆಮೇಲೆ ಬಿಚ್ಚೋ ಕೆಲಸ. ದುಡ್ಡಿಲ್ಲದೆ ಗಾಡಿಯ ಓಟ ಹೆಚ್ಚಿಸೋ ದಾರಿ ಅಂದ್ರೆ ಇದೊಂದೇ. ಹಿಂದಿನ ಸೀಟು, ಕಾರ್ಪೆಟ್, ಎಸಿ, ರೂಫ್ ಲೈನಿಂಗ್, ಸ್ಟೆಪ್ನಿ ಎಲ್ಲಾ ಹೊರಗೆ. ನೆಲಕ್ಕೆ ಅಂಟಿಸಿರೋ ಡಾಂಬರಿನಂಥ ಹಾಳೆಗಳೇ ದೊಡ್ಡ ತಲೆನೋವು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಉಳಿ ಇಟ್ಟು ತಟ್ಟಿದರೆ ಚೂರುಚೂರಾಗಿ ಏಳುತ್ತೆ. ಅದನ್ನೇ ಮಧ್ಯಾಹ್ನ ತಟ್ಟಿದರೆ ಹಸಿ ಬೆಲ್ಲದ ಥರ ಉಳಿಗೆ ಅಂಟಿಕೊಳ್ಳುತ್ತೆ. ನಾನು ಏಪ್ರಿಲ್‌ನಲ್ಲಿ ಶುರು ಮಾಡಿದ್ದೆ, ಬುದ್ಧಿವಂತ.

ತೂಕ ಹಾಕಿಸಲು ಗಾಡಿಯನ್ನು ಟೋಯಿಂಗ್ ಗಾಡಿ ಮೇಲೆ ಎಪಿಎಂಸಿ ಹತ್ತಿರದ ವೇಬ್ರಿಡ್ಜ್‌ಗೆ ಸಾಗಿಸಿದೆ. ಮುಂದೆ ಎರಡು ಮೆಕ್ಕೆಜೋಳದ ಲಾರಿ, ಹಿಂದೆ ಒಂದು, ಮಧ್ಯೆ ನನ್ನ ಜೆನ್. "ಏನ್ ಲೋಡೈತಣ್ಣ?" ಅಂದ ಹುಡುಗ. "ಲೋಡಿಲ್ಲಪ್ಪ, ಗಾಡಿದೇ ತೂಕ." ಅವನು ಕಿಟಕಿಯಲ್ಲಿ ಬಗ್ಗಿ ನೋಡಿ, "ಅರ್ಧ ಗಾಡಿ ಆಗ್ಲೇ ಮಾರ್ಕೊಂಡೀರಲ್ಲಣ್ಣ" ಅಂದ. ಬಿಚ್ಚೋಕೆ ಮೊದಲು 740 ಕೆ.ಜಿ. ಇತ್ತು, ಈಗ 650. ಮುಂದಿನ ಚಕ್ರ ಎರಡನ್ನೇ ಹತ್ತಿಸಿ ಇನ್ನೊಂದು ಸಲ ತೂಗಿಸಿ. ನನ್ನದು 410 ಬಂತು, ಅಂದರೆ ಭಾರದಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಮುಂದಿನ ಎರಡು ಟೈರಿನ ಮೇಲೆ. ಎಳೆಯೋದೂ ಅವೇ, ತಿರುಗೋದೂ ಅವೇ, ಬ್ರೇಕ್ ಹಿಡಿದಾಗ ಜಾಸ್ತಿ ಕಷ್ಟಪಡೋದೂ ಅವೇ. ಟೈರ್ ಕೊಳ್ಳುವಾಗ ಚೌಕಾಸಿ ಬೇಡ ಅನ್ನೋದು ಇದಕ್ಕೇ. ಬಾಗಿಲೊಳಗಿನ ಅಡ್ಡ ಕಂಬಿ ಮಾತ್ರ ತೂಕದ ಆಸೆಗೆ ಕತ್ತರಿಸಬೇಡಿ. ಪಕ್ಕದಿಂದ ಯಾರಾದರೂ ಗುದ್ದಿದರೆ ನಿಮ್ಮ ಪಕ್ಕೆಲುಬಿಗೆ ಅಡ್ಡ ಇರೋದು ಅದೊಂದೇ.

ಈಗ ಬ್ರೇಕು. ಇದನ್ನು ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಇದರಲ್ಲೇ ನಾನು ಹೆದರಿದ್ದು.

ಡ್ರೈವರ್ ಸೇರಿ 750 ಕೆ.ಜಿ. ಇರೋ ಕಾರು 120 ಕಿ.ಮೀ. ವೇಗದಿಂದ 60ಕ್ಕೆ ಇಳಿಯಿತು ಅಂದುಕೊಳ್ಳಿ. ವೇಗ ಅರ್ಧ ಆದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ. ಉಳಿದ ಮುಕ್ಕಾಲು ಭಾಗ, ಸುಮಾರು 310 ಕಿಲೋಜೂಲ್, ಬಹುಪಾಲು ಬ್ರೇಕಿನಲ್ಲೇ ಶಾಖ ಆಗಬೇಕು. ಒಂದು ಲೀಟರ್ ನೀರನ್ನು ಕುದಿಯೋ ಹಂತಕ್ಕೆ ತರೋಕೆ ಹೆಚ್ಚುಕಮ್ಮಿ ಇಷ್ಟೇ ಶಾಖ ಸಾಕು. ರಸ್ತೆಯಲ್ಲಿ ಇಂಥ ಬ್ರೇಕು ಯಾವಾಗಲೋ ಒಮ್ಮೆ ಹಾಕ್ತೀವಿ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿಗೂ ಹಲವು ಸಲ, ನಡುವೆ ಆರೋಕೆ ಸಮಯವೇ ಇಲ್ಲ.

ನನ್ನ ಮೊದಲ ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ. ಒಂದು ಸುತ್ತು 2.1 ಕಿ.ಮೀ., ಚಿಕ್ಕ ಟ್ರ್ಯಾಕು. ಐದನೇ ಸುತ್ತಿನಲ್ಲಿ ಪೆಡಲ್ ಒತ್ತಿದೆ, ಅದು ನೆನೆದ ಸ್ಪಂಜಿನ ಥರ ನೆಲದವರೆಗೂ ಹೋಯಿತು. ಪಂಪ್ ಮಾಡಿ, ಗೇರ್ ಇಳಿಸಿ, ಹುಲ್ಲಿಗೆ ಹೋಗಿ ನಿಂತೆ. ಗಾಡಿಗೂ ನನಗೂ ಏನೂ ಆಗಲಿಲ್ಲ, ಕೈ ಮಾತ್ರ ಹತ್ತು ನಿಮಿಷ ನಡುಗುತ್ತಿತ್ತು. ತಪ್ಪು ಪೂರ್ತಿ ನನ್ನದೇ. ಬ್ರೇಕ್ ಆಯಿಲ್ ಯಾವ ಕಾಲದ್ದೋ ಏನೋ. ಅದು ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 3, ಡಾಟ್ 4 ಅನ್ನೋದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹಿಡಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿಗುಳ್ಳೆ, ನೀವು ಒತ್ತೋದು ಆ ಗುಳ್ಳೆಯನ್ನ. ಹಾಗಾಗಿ ಹೊಸ ಡಾಟ್ 4, ಒಳ್ಳೆ ಪ್ಯಾಡು, ಬಿರುಕು ಬಿಟ್ಟ ರಬ್ಬರ್ ಹೋಸಿಗೆ ವಿದಾಯ. ನಾಲ್ಕು ಚಕ್ರದಲ್ಲೂ ಗಾಳಿ ತೆಗೆಸಿ. ಟ್ರ್ಯಾಕಿಂದ ಹೊರಗೆ ಬಂದ ತಕ್ಷಣ ಹ್ಯಾಂಡ್‌ಬ್ರೇಕ್ ಎಳೀಬೇಡಿ, ಬಿಸಿ ಡ್ರಮ್ಮಿಗೆ ಲೈನಿಂಗ್ ಕಚ್ಚಿಕೊಳ್ಳುತ್ತೆ. ಗೇರಿನಲ್ಲಿ ನಿಲ್ಲಿಸಿ.

ಎರಡನೇ ಏಟು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಬಿತ್ತು. ಅಲ್ಲಿ ಸುತ್ತು 3.7 ಕಿ.ಮೀ. ಉದ್ದ ತಿರುವುಗಳಲ್ಲಿ ಸಂಪಿನ, ಅಂದರೆ ಎಂಜಿನ್ ತಳದ ತೊಟ್ಟಿಯ, ಆಯಿಲ್ ಎಲ್ಲಾ ಒಂದು ಪಕ್ಕಕ್ಕೆ ಸರಿಯುತ್ತೆ, ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಒಂದು ಕ್ಷಣ ಮಿಣುಕ್ ಅಂದು ಆರಿತು. ವೈರಿಂಗ್ ಲೂಸು ಅಂದುಕೊಂಡೆ. ಮೂರು ಸುತ್ತು ಆದಮೇಲೆ ಕೆಳಗಿಂದ ಟಕ್ ಟಕ್ ಟಕ್. ಬೇರಿಂಗ್ ಹೋಗಿತ್ತು.

ಅದನ್ನು ಸರಿ ಮಾಡಿದ್ದು ಹರಿಹರದಲ್ಲಿ. ಮೈಸೂರು ಕಿರ್ಲೋಸ್ಕರ್ ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷ ಆಯಿತು, ಆದರೆ ಅಲ್ಲಿ ಲೇತ್ ಕಲಿತ ಕೈಗಳು ಇನ್ನೂ ಊರಲ್ಲಿವೆ. ನಾನು ಹೋದ ಅಂಗಡಿಯ ಹಿರಿಯರು ಆ ಬೇರಿಂಗಿನೊಳಗೆ ತಿರುಗೋ ಕ್ರ್ಯಾಂಕ್ ಶಾಫ್ಟ್ ಮೇಲೆ ಉಗುರು ಎಳೆದು, "ಇಲ್ಲಿ ಕಚ್ಚೈತಿ ನೋಡು ತಮ್ಮಾ" ಅಂದರು. ಆಮೇಲೆ ಮೈಕ್ರೋಮೀಟರ್ ಇಟ್ಟರು. 0.25 ಎಂ.ಎಂ. ಗ್ರೈಂಡ್ ಮಾಡಿ ಅದೇ ಅಳತೆಯ ಅಂಡರ್‌ಸೈಜ್ ಬೇರಿಂಗ್ ಹಾಕಿದೆವು. ಸಂಪಿನೊಳಗೆ ಪಂಪಿನ ಬಾಯಿ ಸುತ್ತ ತಗಡಿನ ನಾಲ್ಕು ಗೋಡೆ ಬೆಸುಗೆ ಹಾಕಿ, ಆಯಿಲ್ ಒಳಗೆ ಬರೋಕೆ ಮಾತ್ರ ಸಣ್ಣ ಸಣ್ಣ ದಾರಿ ಬಿಟ್ಟರು. ಕಡಿಮೆ ಖರ್ಚಿನ ಕೆಲಸ. ಮೊದಲೇ ಮಾಡಿಸಿದ್ದರೆ ಕ್ರ್ಯಾಂಕ್ ಉಳೀತಿತ್ತು. ನೀವು ಚಿತ್ರದುರ್ಗದಿಂದ ಈ ಕೆಲಸಕ್ಕೆ ಹರಿಹರಕ್ಕೇ ಬನ್ನಿ, ಬೆಂಗಳೂರಿಗೆ ಹೋಗಬೇಡಿ. ಹಳೇ ಪಾರ್ಟ್ಸಿಗೆ ಬೇಕಾದರೆ ಶಿವಾಜಿನಗರದ ಗುಜರಿ ಇದ್ದೇ ಇದೆ.

ರೋಲ್ ಕೇಜ್, ಅಂದರೆ ಗಾಡಿ ಮಗುಚಿದರೂ ಒಳಗಿರೋರನ್ನು ಕಾಯೋ ಪೈಪಿನ ಪಂಜರ, ಹಾಕೋದಾದರೆ ಗ್ರಿಲ್ ವೆಲ್ಡಿಂಗ್‌ನವರ ಮಾತು ಕೇಳಬೇಡಿ. "ಜಿಐ ಪೈಪಲ್ಲಿ ಎರಡು ದಿನಕ್ಕೆ ಮಾಡ್ಕೊಡ್ತೀನಿ ಸಾರ್" ಅಂತಾರೆ. ಅದು ನೀರಿನ ಪೈಪು. ಅಂತರರಾಷ್ಟ್ರೀಯ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಮುಖ್ಯ ಕಮಾನಿಗೆ ಜೋಡಣೆ ಗೆರೆ ಇಲ್ಲದ ಸೀಮ್‌ಲೆಸ್ ಉಕ್ಕಿನ ಕೊಳವೆ, 45 ಎಂ.ಎಂ. ಅಗಲ 2.5 ಎಂ.ಎಂ. ದಪ್ಪ, ಇಲ್ಲಾ 50 ಅಗಲ 2 ದಪ್ಪ ಇರಬೇಕು. ಪಾದದ ಕೆಳಗೆ ಕನಿಷ್ಠ 3 ಎಂ.ಎಂ. ತಗಡು. ಕೇಜ್ ಬಂತು ಅಂದರೆ ಬಕೆಟ್ ಸೀಟು, ಹಾರ್ನೆಸ್ (ಎರಡೂ ಭುಜದ ಮೇಲಿಂದ ಬರೋ ರೇಸಿಂಗ್ ಬೆಲ್ಟು), ಹೆಲ್ಮೆಟ್, ಪೈಪಿನ ಮೇಲೆ ಪ್ಯಾಡಿಂಗ್ ಎಲ್ಲಾ ಜೊತೆಗೆ ಬರಬೇಕು. ಹೆಲ್ಮೆಟ್ ಇಲ್ಲದೆ ಕೇಜಿನೊಳಗೆ ಕೂರೋದು ಕೇಜ್ ಇಲ್ಲದ್ದಕ್ಕಿಂತ ಅಪಾಯ. ಸಣ್ಣ ಗುದ್ದಿಗೂ ತಲೆ ಹೋಗಿ ಹೊಡೆಯೋದು ಆ ಪೈಪಿಗೇ.

ಕಾನೂನು ವಿಚಾರ ಬೇಗ ಮುಗಿಸ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಆರ್‌ಸಿ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿ ಮಾಡಿತು. ಬಿಚ್ಚಿದ ಗಾಡಿ ರಸ್ತೆಗೆ ಇಳಿಯಬಾರದು. "ರಾತ್ರಿ ಹೈವೇನಲ್ಲಿ ಒಂದು ಟ್ರಯಲ್" ಅನ್ನೋ ಆಸೆ ಬರುತ್ತೆ, ನನಗೂ ಬಂದಿತ್ತು. ಬೇಡ. ಸಾರ್ವಜನಿಕ ರಸ್ತೆಯಲ್ಲಿ ರೇಸು, ವೇಗದ ಪರೀಕ್ಷೆಗೆ 189ನೇ ಸೆಕ್ಷನ್ ಬೇರೆ ಇದೆ. ಮಾಮೂಲಿ ಇನ್ಶೂರೆನ್ಸ್ ಅಂತೂ ರೇಸಿಂಗಿಗೆ ನಯಾಪೈಸೆ ಕೊಡಲ್ಲ.

ಹಾಗಾದರೆ ದಾವಣಗೆರೆಯಿಂದ 600 ಕಿ.ಮೀ. ದೂರದ ಚೆನ್ನೈಗೆ ಹೇಗೆ ಹೋಗೋದು? ಟೋಯಿಂಗ್ ಗಾಡಿ ಮೇಲೆ. ಹೋಗಿ ಬರೋ ಬಾಡಿಗೆ ನನ್ನ ಕಾರಿನ ಗುಜರಿ ಬೆಲೆಗಿಂತ ಜಾಸ್ತಿ ಆಯಿತು. ಆದ್ದರಿಂದ ನಿಮಗೆ ನಾನು ಹೇಳೋದು ಬೇರೆ. ಮೊದಲ ವರ್ಷ ಏನೂ ಬಿಚ್ಚಬೇಡಿ. ಆರ್‌ಸಿ ರಿನ್ಯೂ ಮಾಡಿಸಿ, ಟೈರು, ಬ್ರೇಕು, ಶಾಕ್ ಅಬ್ಸಾರ್ಬರ್, ಕೂಲೆಂಟ್, ಟೈಮಿಂಗ್ ಬೆಲ್ಟ್ ಹೊಸದು ಹಾಕಿ. ಸೀಟು ಸೀಟಾಗಿಯೇ ಇರಲಿ. ಹಾಗೇ ಓಡಿಸಿಕೊಂಡು ಹೋಗಿ, ರೇಸ್ ಅಲ್ಲದ ಟ್ರ್ಯಾಕ್ ಡೇಯಲ್ಲಿ ನಾಲ್ಕು ಸುತ್ತು ಹೊಡೆದು, ಅದರಲ್ಲೇ ಮನೆಗೆ ಬನ್ನಿ. ಎರಡು ಸಲ ಹೋಗಿ ಬಂದಮೇಲೂ ಆಸೆ ಇದ್ದರೆ ಉಳಿ ತಗೊಳ್ಳಿ. ನಾನು ಈ ಮೆಟ್ಟಿಲನ್ನೇ ಬಿಟ್ಟು ಹಾರಿದ್ದೆ.

ಅಪ್ಪನ ವಿಷಯ. ನಮ್ಮ ಅಪ್ಪ ಬಾಯಲ್ಲಿ ಬೇಡ ಅನ್ನಲಿಲ್ಲ, ಆದರೆ ಹಿಂದಿನ ಸೀಟು ಹೊರಗೆ ಬಂದ ದಿನ ಊಟಕ್ಕೆ ಕರೆದರೂ ಏಳಲಿಲ್ಲ. ಅಮ್ಮನನ್ನು ಆಸ್ಪತ್ರೆಯಿಂದ ತಂಗಿ ಜೊತೆ ಕರಕೊಂಡು ಬಂದ ಸೀಟದು, ತಂಗಿಗೆ ಆಗ ಮೂರು ದಿನ. ನನಗೆ ಅದು 15 ಕೆ.ಜಿ. ಅಷ್ಟೇ ಆಗಿತ್ತು. ಮಾರನೇ ದಿನ ವೆಲ್ಡಿಂಗ್ ಅಂಗಡಿಯಲ್ಲಿ ಆ ಸೀಟಿಗೆ ನಾಲ್ಕು ಕಾಲು ಹಾಕಿಸಿ ಜಗಲಿಯಲ್ಲಿಟ್ಟೆ. ಈಗ ಬೆಳಿಗ್ಗೆ ಪೇಪರ್ ಹಿಡಿದು ಅಪ್ಪ ಅದರ ಮೇಲೇ ಕೂರೋದು, ಬಲಗಡೆ ಕಿಟಕಿ ಪಕ್ಕದ ಜಾಗದಲ್ಲಿ. ಕೇಜಿಗೆ ಬೇಡ ಅಂದ ಜಿಐ ಪೈಪ್ ಆ ಸೀಟಿನ ಕಾಲಿಗೆ ಕೆಲಸಕ್ಕೆ ಬಂತು ನೋಡಿ.