ಬೆಂಕಿ ಹಚ್ಚಿ ಅಲ್ಲೇ ನಿಂತವರು

ಹೋದ ಸಂಚಿಕೆಯಲ್ಲಿ ಅಮೆರಿಕದ ಮಗಳ ಮನೆಯ ಬಗ್ಗೆ ಬರೆಯುತ್ತಾ, ಬಾಲ್ಟಿಮೋರ್ ಪಕ್ಕದ ಕೇಟನ್ಸ್‌ವಿಲ್‌ನಲ್ಲಿ ವಾಕಿಂಗ್ ಹೋದಾಗ ಕಂಡ ಒಂದು ಫಲಕದ ಮಾತು ಎತ್ತಿದ್ದೆ. 1968ರಲ್ಲಿ ಒಂಬತ್ತು ಜನ ಕ್ರೈಸ್ತರು ಸರ್ಕಾರಿ ಕಡತ ಸುಟ್ಟು, ಪ್ರಾರ್ಥನೆ ಮಾಡುತ್ತಾ ನಿಂತಿದ್ದ ಊರು ಅದು. ಬರೆದದ್ದು ನಾಲ್ಕೇ ಸಾಲು. ಬಂದ ಪತ್ರ ಮಾತ್ರ ರಾಶಿ. ಹಾಗಾಗಿ ಈ ಸಲ ಅಡುಗೆ, ಅತ್ತೆ-ಸೊಸೆ ಪ್ರಶ್ನೆಗಳಿಗೆ ರಜೆ.

ಅವರು ಸುಟ್ಟದ್ದು ಯಾವ ಕಡತ? ಯಾಕೆ ಸುಟ್ಟರು? ಅರ್ಧಕ್ಕೇ ನಿಲ್ಲಿಸಿಬಿಟ್ಟಿರಿ ಮೇಡಂ.
– ಕಾಲೇಜು ವಿದ್ಯಾರ್ಥಿನಿ, ಹಾಸನ

ಜಾಗ ಇರಲಿಲ್ಲ ಕಣಮ್ಮ, ಈಗ ಹೇಳ್ತೀನಿ. ಅದು ವಿಯೆಟ್ನಾಂ ಯುದ್ಧ ಜೋರಾಗಿದ್ದ ಕಾಲ. ಅಮೆರಿಕದಲ್ಲಿ ಆಗ ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುವ ಪದ್ಧತಿ ಇತ್ತು. ಡ್ರಾಫ್ಟ್ ಅಂತಾರೆ. ಹದಿನೆಂಟು ತುಂಬಿದ ಹುಡುಗ ಹೆಸರು ಬರೆಸಬೇಕು. ಅಲ್ಲಲ್ಲಿ ಡ್ರಾಫ್ಟ್ ಬೋರ್ಡ್ ಅಂತ ಕಚೇರಿ, ಒಬ್ಬೊಬ್ಬ ಹುಡುಗನಿಗೂ ಒಂದೊಂದು ಕಡತ. ಕಡತದಲ್ಲಿ 1-ಎ ಅಂತ ಬಿದ್ದರೆ ಕರೆದಾಗ ಹೊರಡಬೇಕು. ಕಾಲೇಜಿನಲ್ಲಿ ಓದುತ್ತಿದ್ದರೆ ಸ್ವಲ್ಪ ಕಾಲ ಮುಂದೂಡುತ್ತಿದ್ದರು. ಮಗನನ್ನು ಓದಿಸಲು ಕಾಸಿಲ್ಲದ ಮನೆಗೆ ಆ ದಾರಿಯೂ ಇಲ್ಲ.

1968ರ ಮೇ 17, ಶುಕ್ರವಾರ ಮಧ್ಯಾಹ್ನ. ಏಳು ಗಂಡಸರು, ಇಬ್ಬರು ಹೆಂಗಸರು ಆ ಊರಿನ ಡ್ರಾಫ್ಟ್ ಬೋರ್ಡಿನ ಮಹಡಿ ಹತ್ತಿದರು. ಅವರಲ್ಲಿ ಇಬ್ಬರು ಒಡಹುಟ್ಟಿದ ಕ್ಯಾಥೋಲಿಕ್ ಪಾದ್ರಿಗಳು. ಅಣ್ಣ ಡೇನಿಯಲ್ ಬೆರಿಗನ್, ಕವಿ. ತಮ್ಮ ಫಿಲಿಪ್ ಬೆರಿಗನ್. ಮೇರಿ ಮೊಯ್ಲನ್ ನರ್ಸ್. ಟಾಮ್ ಲೂಯಿಸ್ ಚಿತ್ರಕಾರ. ಗ್ವಾಟೆಮಾಲಾದ ಬಡವರ ನಡುವೆ ಮಿಷನ್ ಕೆಲಸ ಮಾಡಿ ಬಂದ ಗಂಡ-ಹೆಂಡತಿಯೂ ಇದ್ದರು. 378 ಕಡತಗಳನ್ನು ತಂತಿ ಬುಟ್ಟಿಗೆ ತುಂಬಿಕೊಂಡು ಕೆಳಗಿಳಿದರು. ವಾಹನ ನಿಲ್ಲಿಸುವ ಜಾಗದಲ್ಲಿ ಸುರಿದು ಬೆಂಕಿ ಕೊಟ್ಟರು. ಸುಟ್ಟದ್ದು ನೇಪಾಮ್‌ನಿಂದ. ವಿಯೆಟ್ನಾಂ ಹಳ್ಳಿಗಳ ಮೇಲೆ ವಿಮಾನದಿಂದ ಬೀಳುತ್ತಿತ್ತಲ್ಲ, ಚರ್ಮಕ್ಕೆ ಅಂಟಿಕೊಂಡು ಉರಿಯುವಂಥದ್ದು, ಅದೇ. ಮಾಡುವ ಬಗೆಯನ್ನು ಅಮೆರಿಕ ಸೈನ್ಯದ ಕೈಪಿಡಿಯಿಂದಲೇ ಕಲಿತಿದ್ದರು.

ಸುಟ್ಟ ಮೇಲೆ ಯಾರೂ ಓಡಲಿಲ್ಲ. ಸುತ್ತ ನಿಂತು ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ ಹೇಳುತ್ತಾ ಪೊಲೀಸರಿಗೆ ಕಾದರು. ಪತ್ರಿಕೆ, ಟೀವಿಯವರಿಗೆ ಮೊದಲೇ ಸುದ್ದಿ ಮುಟ್ಟಿಸಿದ್ದರು. ದೇವರು ನೋಡ್ತಾನೆ ಅಂತ ಸುಮ್ನೆ ಕೂರಲಿಲ್ಲ, ಜನವೂ ನೋಡಲಿ ಅಂದುಕೊಂಡಿದ್ದರು.

ಯಾಕೆ ಅಂದರೆ, ಡೇನಿಯಲ್ ಅದೇ ವರ್ಷ ಫೆಬ್ರವರಿಯಲ್ಲಿ ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್‌ಗೆ ಹೋಗಿದ್ದರು. ಸೆರೆಯಲ್ಲಿದ್ದ ಮೂವರು ಅಮೆರಿಕನ್ ವಾಯುಸೈನಿಕರನ್ನು ಬಿಡಿಸಿಕೊಂಡು ಬರಲು. ಅಲ್ಲಿ ತಮ್ಮದೇ ದೇಶದ ಬಾಂಬ್ ಬೀಳುವಾಗ ನೆಲಮಾಳಿಗೆಯಲ್ಲಿ ಅವಿತು ಕೂತರು, ಅಲ್ಲಿನ ಮಕ್ಕಳ ಜೊತೆ. ಆಮೇಲೆ ಕೇಟನ್ಸ್‌ವಿಲ್ ಬಗ್ಗೆ ಬರೆದಾಗ, ಮಕ್ಕಳ ಬದಲು ಕಾಗದ ಸುಟ್ಟದ್ದಕ್ಕೆ ಕ್ಷಮಿಸಿ ಅಂತ ಜನರನ್ನು ಕೇಳಿಕೊಂಡರು.

ಸರ್ಕಾರಿ ದಾಖಲೆಗೆ ಬೆಂಕಿ ಇಡುವುದು ಅಹಿಂಸೆ ಹೇಗಾದೀತು? ಗಾಂಧೀಜಿ ಇದನ್ನು ಒಪ್ಪುತ್ತಿದ್ದರೇ? ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದ ತಾವು ಇದನ್ನು ಮೆಚ್ಚಿ ಬರೆದದ್ದು ಆಶ್ಚರ್ಯ.
– ವಕೀಲರು, ಧಾರವಾಡ

ವಕೀಲ ಸಾಹೇಬರೇ, ಸರಿಯಾದ ಜಾಗಕ್ಕೇ ಚುಚ್ಚಿದಿರಿ. ಮೂವತ್ತಲ್ಲ, ಮೂವತ್ತೊಂದು. ಅದರಲ್ಲಿ ಹನ್ನೆರಡು ವರ್ಷ ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಹಾಗಾಗಿ ಈ ಕತೆ ಓದುವಾಗ ನನ್ನ ಕಣ್ಣು ಮೊದಲು ಹೋದದ್ದು ಪಾದ್ರಿಗಳ ಕಡೆಗಲ್ಲ. ಆ ಮಹಡಿಯ ಮೇಲಿದ್ದ ಗುಮಾಸ್ತೆಯರ ಕಡೆಗೆ.

ಕೆಲಸಕ್ಕೆ ಬಂದ ಹೆಂಗಸರು ಅವರು. ಮಧ್ಯಾಹ್ನದ ಹೊತ್ತು ಒಂಬತ್ತು ಜನ ನುಗ್ಗಿ, ದಿನಾ ಒಪ್ಪ ಮಾಡಿಟ್ಟ ಕಡತಗಳನ್ನು ಬಾಚಿಕೊಳ್ಳುತ್ತಾರೆ. ಒಬ್ಬಾಕೆ ಬಿಡದೆ ಬುಟ್ಟಿ ಹಿಡಿದು ಎಳೆದಾಡಿದರು. ಆ ಜಗ್ಗಾಟದಲ್ಲಿ ತರಚು ಗಾಯವೂ ಆಯಿತು. ನಾನಿದ್ದರೂ ಹಾಗೇ ಹಿಡಿದುಕೊಳ್ಳುತ್ತಿದ್ದೆ. ಇದರಲ್ಲಿ ಅನುಮಾನವೇ ಇಲ್ಲ. ನಮ್ಮ ರೂಮಿನಲ್ಲಿ ಗೆದ್ದಲು ತಿಂದ ಒಂದು ಪಹಣಿ ಪುಸ್ತಕಕ್ಕೆ ನಾನು ಎರಡು ದಿನ ಊಟ ಬಿಟ್ಟವಳು. ಆ ಪುಟದಲ್ಲಿ ಹೆಸರಿದ್ದ ರೈತ ಆಮೇಲೆ ನಾಲ್ಕು ವರ್ಷ ಅಲೆದ. ಕಾಗದ ಬರೀ ಕಾಗದ ಅಲ್ಲ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಅಳುಕು ನನಗೊಬ್ಬಳಿಗೇ ಬಂದದ್ದಲ್ಲ. ಥಾಮಸ್ ಮರ್ಟನ್ ಅಂತ ಒಬ್ಬ ಸನ್ಯಾಸಿ ಇದ್ದರು, ಡೇನಿಯಲ್‌ಗೆ ಆಪ್ತರು, ಯುದ್ಧಕ್ಕೆ ಕಡು ವಿರೋಧಿ. ಇದು ಹಿಂಸೆಯ ಅಂಚಿಗೆ ಬಂತು ಅಂತ ಅವರೂ ಬರೆದರು. ಹೆಂಗಸರನ್ನು ತಳ್ಳಾಡಿದ ಮಟ್ಟಿಗೆ ಅದು ಹಿಂಸೆಯೇ ಅಂದರು. ಡೊರೋಥಿ ಡೇ ಬಡವರಿಗೆ ಅನ್ನ ಹಾಕುತ್ತಾ, ಯುದ್ಧ ವಿರೋಧಿಸಿ ಹಲವು ಸಲ ಜೈಲಿಗೆ ಹೋಗಿ ಬಂದ ಹೆಂಗಸು. ಆಸ್ತಿ ನಾಶ ಮಾಡುವ ದಾರಿ ಅವರಿಗೂ ಪೂರ್ತಿ ಒಗ್ಗಲಿಲ್ಲ.

ಇನ್ನು ಗಾಂಧಿ. ಅವರೂ ಕಾಗದ ಸುಟ್ಟವರೇ ಅಲ್ವಾ? 1908ರ ಆಗಸ್ಟ್ 16, ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿ ಎದುರು. ಅಲ್ಲಿನ ಭಾರತೀಯರು ಸರ್ಕಾರದಿಂದ ಪಡೆದು ಇಟ್ಟುಕೊಳ್ಳಬೇಕಿದ್ದ ಎರಡು ಸಾವಿರಕ್ಕೂ ಜಾಸ್ತಿ ನೋಂದಣಿ ಪತ್ರಗಳನ್ನು ದೊಡ್ಡ ಕಡಾಯಿಗೆ ಹಾಕಿ, ಸೀಮೆಎಣ್ಣೆ ಸುರಿದು ಸುಟ್ಟರು. ಆದರೆ ಅಲ್ಲಿ ಸುಟ್ಟದ್ದು ಜನ ತಾವೇ ತಂದುಕೊಟ್ಟ ತಮ್ಮ ತಮ್ಮ ಪತ್ರ. ಯಾವ ಗುಮಾಸ್ತನ ಕೈಯಿಂದಲೂ ಕಿತ್ತುಕೊಂಡದ್ದಲ್ಲ. ಕೇಟನ್ಸ್‌ವಿಲ್‌ನಲ್ಲಿ ಸುಟ್ಟದ್ದು ಬೇರೆಯವರ ಕಡತ. ಆ 378 ಹುಡುಗರಲ್ಲಿ ಯಾರನ್ನೂ ಕೇಳಿ ಸುಟ್ಟದ್ದಲ್ಲ. ಈ ವ್ಯತ್ಯಾಸ ಸಣ್ಣದಲ್ಲ ಅಂತ ನನ್ನ ಅನಿಸಿಕೆ. ಗಾಂಧಿ ಅಲ್ಲೇ ತಡೆಯುತ್ತಿದ್ದರು ಅನ್ನಿಸುತ್ತದೆ.

ಮತ್ತೆ ಮೆಚ್ಚಿದ್ದೇನು ಅಂದರೆ, ಆಮೇಲಿನದ್ದು. ಕಡತ ಮಾಯ ಮಾಡುವವರನ್ನು ನಾನು ಸರ್ವೀಸಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ರಾತ್ರಿ ಹೊತ್ತು, ಗುರುತು ಬಿಡದ ಹಾಗೆ, ಬೇರೆಯವರ ತಲೆಗೆ ಕಟ್ಟಿ. ಹಾಡಹಗಲು ಸುಟ್ಟು ‘ನಾನೇ ಸುಟ್ಟೆ, ಕರ್ಕೊಂಡು ಹೋಗಿ’ ಅಂದವರನ್ನು ಒಬ್ಬರನ್ನೂ ಕಾಣಲಿಲ್ಲ. ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ವಿಚಾರಣೆ ನಡೆಯಿತು. ಸುಟ್ಟದ್ದು ಹೌದು ಅಂದರು. ಯಾಕೆ ಅಂತ ಒಬ್ಬೊಬ್ಬರೂ ಹೇಳಿದರು. ಕೊನೆಗೆ ಪ್ರಾರ್ಥನೆ ಮಾಡಬಹುದಾ ಅಂತ ನ್ಯಾಯಾಧೀಶರನ್ನೇ ಕೇಳಿದರು. ನ್ಯಾಯಾಧೀಶರು ಆಗಲಿ ಅಂದರು! ತುಂಬಿದ ಕೋರ್ಟಿನಲ್ಲಿ ಮತ್ತೆ ಅದೇ ‘ನಮ್ಮ ತಂದೆಯೇ’. ನಿಮ್ಮ ಇಷ್ಟು ವರ್ಷದ ವಕೀಲಿಯಲ್ಲಿ ಅಂಥದ್ದು ಕಂಡಿದ್ದೀರಾ? ಶಿಕ್ಷೆ ಮಾತ್ರ ತಪ್ಪಲಿಲ್ಲ. ಎರಡು ವರ್ಷದಿಂದ ಮೂರೂವರೆ ವರ್ಷದವರೆಗೆ ಬಿತ್ತು.

ಅಲ್ಲೇ ನಿಂತರು ಅಂತ ಹೊಗಳಿದಿರಿ. ಆದರೆ ಅವರಲ್ಲಿ ಕೆಲವರು ಆಮೇಲೆ ತಲೆ ಮರೆಸಿಕೊಂಡಿದ್ದರು ಅಂತ ಓದಿದ್ದೇನೆ. ಇದಕ್ಕೇನಂತೀರಿ?
– ನಿವೃತ್ತ ಅಧ್ಯಾಪಕರು, ಸಾಗರ

ನಿಜ ಸಾರ್. 1970ರ ಏಪ್ರಿಲ್‌ನಲ್ಲಿ ಜೈಲಿಗೆ ಬನ್ನಿ ಅಂದಾಗ ಬೆರಿಗನ್ ಸೋದರರೂ ಸೇರಿ ಕೆಲವರು ಹೋಗಲಿಲ್ಲ. ಅನ್ಯಾಯದ ಯುದ್ಧ ಮಾಡುವ ಸರ್ಕಾರಕ್ಕೆ ನಮ್ಮನ್ನು ಶಿಕ್ಷಿಸುವ ಹಕ್ಕೂ ಇಲ್ಲ ಅನ್ನುವುದು ಅವರ ವಾದ. ಫಿಲಿಪ್ ಬೇಗ ಸಿಕ್ಕಿದರು. ಡೇನಿಯಲ್ ನಾಲ್ಕು ತಿಂಗಳು ಮನೆಯಿಂದ ಮನೆಗೆ ಓಡಾಡುತ್ತಾ, ನಡುನಡುವೆ ಸಭೆಗಳಲ್ಲಿ ಕಾಣಿಸಿಕೊಂಡು ಪೊಲೀಸರ ಹೊಟ್ಟೆ ಉರಿಸಿದರು. ಆಗಸ್ಟ್ 11ರಂದು ಬ್ಲಾಕ್ ಐಲ್ಯಾಂಡ್ ಅನ್ನೋ ದ್ವೀಪದಲ್ಲಿ ಸೆರೆಸಿಕ್ಕರು. ಹಿಡಿಯಲು ಬಂದ ಎಫ್‌ಬಿಐನವರು ಹಕ್ಕಿ ನೋಡುವವರ ವೇಷ ಹಾಕಿದ್ದರು. ಕಳ್ಳ-ಪೊಲೀಸ್ ಆಟದಲ್ಲಿ ಮಜಾ ಏನೋ ಇದೆ. ಆದರೆ ನನಗೆ ಈ ಭಾಗ ಅಷ್ಟಾಗಿ ರುಚಿಸಲಿಲ್ಲ.

ನರ್ಸ್ ಮೇರಿ ಮೊಯ್ಲನ್ ಕತೆ ಬೇರೆ. ಆಕೆ ಸಿಕ್ಕಲೇ ಇಲ್ಲ. 1979ರಲ್ಲಿ ತಾನಾಗಿ ಬಂದು ಶರಣಾದರು. ಒಂಬತ್ತು ವರ್ಷ, ಹೆಸರು ಬದಲಿಸಿಕೊಂಡು. ಪಾದ್ರಿಗಳಿಗೆ ಸಿಕ್ಕಷ್ಟು ಹೆಸರು ಆಕೆಗೆ ಸಿಗಲಿಲ್ಲ. ಎಲ್ಲ ಊರಲ್ಲೂ ಹೀಗೇ.

ನಮ್ಮ ತಂದೆ 1971ರ ಯುದ್ಧದಲ್ಲಿ ಹೋರಾಡಿದವರು. ಇಂಥವರನ್ನು ಹೊಗಳಿದರೆ ಸೈನಿಕರನ್ನು ಹೀಯಾಳಿಸಿದ ಹಾಗಲ್ಲವೇ?
– ಗೃಹಿಣಿ, ಮಡಿಕೇರಿ

ತಾಯಿ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಕೊಡಗಿನ ಮನೆಗೆ ಈ ಮಾತು ನೋಯುತ್ತದೆ, ಅರ್ಥವಾಗುತ್ತದೆ.

ಒಂದು ವಿಷಯ ಹೇಳುತ್ತೇನೆ. ಫಿಲಿಪ್ ಬೆರಿಗನ್ ಸ್ವತಃ ಸೈನಿಕ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ರಣರಂಗದಲ್ಲಿದ್ದವರು. ಮೊದಲು ತೋಪಿನ ದಳ, ಆಮೇಲೆ ಕಾಲ್ದಳದ ಅಧಿಕಾರಿ. ಕೊಲ್ಲುವುದು ಅಂದರೇನು ಅಂತ ಅವರು ಪುಸ್ತಕ ಓದಿ ತಿಳಿದದ್ದಲ್ಲ. ಆಮೇಲೆ ಪಾದ್ರಿಯಾದರು. 1980ರಲ್ಲಿ ಅವರೂ ಅಣ್ಣನೂ ಇನ್ನೂ ಆರು ಜನರ ಜೊತೆ ಪೆನ್ಸಿಲ್ವೇನಿಯಾದ ಒಂದು ಕಾರ್ಖಾನೆಗೆ ಹೋಗಿ, ಅಣ್ವಸ್ತ್ರದ ಮೂತಿಗೆ ಸುತ್ತಿಗೆಯಿಂದ ಹೊಡೆದರು. ಕತ್ತಿಗಳನ್ನು ಬಡಿದು ನೇಗಿಲಿನ ಗುಳ ಮಾಡುವರು ಅಂತ ಬೈಬಲ್ಲಿನ ಯೆಶಾಯನ ಮಾತಿದೆಯಲ್ಲ, ಅದನ್ನು ಅಕ್ಷರಶಃ ತೆಗೆದುಕೊಂಡ ಜನ. ಹೀಗೆ ಫಿಲಿಪ್ ಒಟ್ಟು ಹನ್ನೊಂದು ವರ್ಷದಷ್ಟು ಜೈಲಿನಲ್ಲಿ ಕಳೆದರು. 2002ರಲ್ಲಿ ತೀರಿಕೊಂಡರು.

ಅವರ ಸಿಟ್ಟು ಹುಡುಗರನ್ನು ಕಳಿಸುವವರ ಮೇಲೆ. ಹೋದ ಹುಡುಗರ ಮೇಲಲ್ಲ. ನಿಮ್ಮ ತಂದೆ ಇದನ್ನು ಓದಿ ಏನಂದರು ಅಂತ ಒಂದು ಕಾರ್ಡ್ ಬರೆಯಿರಿ. ಬೈದರೂ ಸರಿ.

ಪ್ರತಿ ಭಾನುವಾರ ನಮ್ಮ ಚರ್ಚಿನಲ್ಲಿ ಶಾಂತಿಗಾಗಿ ಪ್ರಾರ್ಥಿಸುತ್ತೇವೆ. ಯುದ್ಧಗಳು ನಿಂತಿಲ್ಲ. ಬಾಯಿಪಾಠದ ಹಾಗೆ ಆಗಿಬಿಟ್ಟಿದೆ. ಪ್ರಾರ್ಥನೆಯಿಂದ ಏನಾದರೂ ಆಗುತ್ತದೆಯೇ?
– ಓದುಗ, ಮಂಗಳೂರು

ನಾನು ಕ್ರೈಸ್ತಳಲ್ಲ. ಓದಿದ್ದು ಸಿಸ್ಟರ್‌ಗಳ ಶಾಲೆಯಲ್ಲಿ, ಹಾಗಾಗಿ ಪ್ರಾರ್ಥನೆ ಬಾಯಿಗೆ ಬರುತ್ತದೆ ಅಷ್ಟೇ. ನಿಮಗೆ ಉಪದೇಶ ಮಾಡುವ ಯೋಗ್ಯತೆ ಇಲ್ಲ. ಒಂದು ಊರಿನ ಕತೆ ಹೇಳಬಲ್ಲೆ.

ಪೂರ್ವ ಜರ್ಮನಿಯ ಲೈಪ್‌ಝಿಗ್. ಅಲ್ಲಿನ ಸಂತ ನಿಕೊಲಾಸ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಸಂಜೆ ಐದಕ್ಕೆ ಶಾಂತಿ ಪ್ರಾರ್ಥನೆ. ಅಮೆರಿಕ, ಸೋವಿಯತ್ ಎರಡೂ ಕಡೆಯವರು ಯೂರೋಪಿನ ತುಂಬ ಕ್ಷಿಪಣಿ ನೆಡುತ್ತಿದ್ದ ಕಾಲ. ಕೆಲವು ಸೋಮವಾರ ಬೆರಳೆಣಿಕೆಯ ಜನ. ಅವರಿಗೂ ನಿಮ್ಮ ಹಾಗೇ ಬೇಸರ ಬಂದಿರಬೇಕು, ಅಲ್ವಾ? ಆದರೂ ಬಾಗಿಲು ತೆರೆದೇ ಇತ್ತು. ಏಳು ವರ್ಷ ಕಳೆದು 1989ರ ಅಕ್ಟೋಬರ್ 9. ಅದೂ ಸೋಮವಾರವೇ. ಪ್ರಾರ್ಥನೆ ಮುಗಿಸಿ ಹೊರಬಂದವರ ಜೊತೆ ಬೀದಿಯಲ್ಲಿ ಸುಮಾರು 70,000 ಜನ ಸೇರಿದರು. ಸಶಸ್ತ್ರ ಪೊಲೀಸರು ಸಜ್ಜಾಗಿ ನಿಂತಿದ್ದರು. ಗುಂಡು ಹಾರಲಿಲ್ಲ. ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ತೆರೆಯಿತು.

ಆ ಚರ್ಚಿನ ಪಾದ್ರಿ ಕ್ರಿಸ್ಟಿಯಾನ್ ಫ್ಯೂರರ್ ಒಂದು ಮಾತು ಹೇಳುತ್ತಿದ್ದರು. ಮೇಣದ ಬತ್ತಿ ಹಿಡಿದು ನಡೆಯಲು ಎರಡೂ ಕೈ ಬೇಕು. ಒಂದು ಕೈ ಬತ್ತಿಗೆ, ಇನ್ನೊಂದು ಗಾಳಿಗೆ ಅಡ್ಡ. ಕಲ್ಲು ಎತ್ತಿಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು? ಕಾರ್ತಿಕದಲ್ಲಿ ಬೀದಿಗೆ ದೀಪ ಇಟ್ಟವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಗೋಡೆ ಬಿದ್ದದ್ದು ಪ್ರಾರ್ಥನೆಯಿಂದಲೇ ಅಂತ ನಾನು ಹೇಳಲಾರೆ. ಮಾಸ್ಕೋದಲ್ಲಿ ಗಾಳಿ ತಿರುಗಿತ್ತು, ಜನ ಹಂಗೇರಿ ಗಡಿ ದಾಟಿ ಹೋಗುತ್ತಿದ್ದರು. ಕೇಟನ್ಸ್‌ವಿಲ್‌ನ ಬೆಂಕಿಯಿಂದಲೂ ವಿಯೆಟ್ನಾಂ ಯುದ್ಧ ನಿಲ್ಲಲಿಲ್ಲ, ಇನ್ನೂ ಏಳು ವರ್ಷ ಎಳೆಯಿತು. ಡ್ರಾಫ್ಟ್ ಮಾತ್ರ 1973ರಲ್ಲಿ ನಿಂತಿತು.

ಮುಂದಿನ ಸೋಮವಾರ ನಿಮ್ಮ ಚರ್ಚು ತೆರೆದಿರುತ್ತದಾ?

ನಾನು ಇಲ್ಲಿನ ಯುಎಂಬಿಸಿ ವಿಶ್ವವಿದ್ಯಾಲಯದಲ್ಲಿ ಎಂಎಸ್ ಮಾಡುತ್ತಿದ್ದೇನೆ. ಎರಡು ವರ್ಷದಿಂದ ಕೇಟನ್ಸ್‌ವಿಲ್‌ನಲ್ಲೇ ಇದ್ದೇನೆ. ಆ ಫಲಕ ಒಂದು ದಿನವೂ ಕಣ್ಣಿಗೆ ಬಿದ್ದಿಲ್ಲ ಆಂಟಿ. ಎಲ್ಲಿದೆ?
– ಶಿವಮೊಗ್ಗದ ಹುಡುಗ

ಫೋನ್ ನೋಡಿಕೊಂಡು ನಡೆದರೆ ಹೇಗೆ ಕಾಣುತ್ತದಪ್ಪಾ? ಫ್ರೆಡರಿಕ್ ರೋಡ್ ಹಿಡಿದು ಹೋಗು. ಸಾರ್ವಜನಿಕ ಲೈಬ್ರರಿ ಹತ್ತಿರ ಕಂಬದ ಮೇಲೆ ಒಂದು ಫಲಕ. ಘಟನೆಗೆ ಐವತ್ತು ವರ್ಷ ತುಂಬಿದಾಗ, 2018ರಲ್ಲಿ ನೆಟ್ಟದ್ದು. ನಾನು ಓದುತ್ತಾ ನಿಂತಿದ್ದಾಗ ಪಕ್ಕದಲ್ಲಿ ಒಬ್ಬ ಅಜ್ಜಿ ಬಂದು ನಿಂತರು. ಆ ಕಾಲದಲ್ಲಿ ಇಲ್ಲೇ ಇದ್ದಿರಾ ಅಂತ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಹೂಂ ಅಂದರು. ಅವರು ಮಾಡಿದ್ದು ಸರಿಯಾ ಅಂದೆ. ಆಕೆ ನಕ್ಕು, ‘ನಮ್ಮ ಮನೆಯಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ’ ಅಂದರು. ಬಸ್ ಬಂತು, ಹತ್ತಿ ಹೋದರು.