ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು? ಅಮ್ಮ ಒಬ್ಬರೇ ಹೋಗುವುದಾದರೆ ಯಾವ ದಾರಿ?

ನೇರ ದೂರ ಸುಮಾರು 14,000 ಕಿ.ಮೀ. ವಿಮಾನದ ವೇಗ ಗಂಟೆಗೆ ಹೆಚ್ಚುಕಡಿಮೆ 900 ಕಿ.ಮೀ. ಎಲ್ಲೂ ಇಳಿಯದೆ ಹೋದರೆ 16ರಿಂದ 17 ಗಂಟೆ ಬೇಕು. ನಡುವೆ ಇಳಿದು ಹತ್ತಿದರೆ ಸಾಮಾನ್ಯವಾಗಿ 20 ಗಂಟೆಗೂ ಜಾಸ್ತಿ.

ನಿಮ್ಮ ಟಿಕೆಟ್‌ನಲ್ಲಿ "ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ತಲುಪುವುದು" ಎಂದು ಬರೆದಿದ್ದರೆ, ಅದು ತಪ್ಪಲ್ಲ. ಹೊರಡುವಾಗ ನಮ್ಮ ಸಮಯ, ಇಳಿಯುವಾಗ ಅಲ್ಲಿಯ ಸಮಯ ಬರೆದಿರುತ್ತಾರೆ. ಅವರ ಗಡಿಯಾರ ಚಳಿಗಾಲದಲ್ಲಿ ನಮಗಿಂತ 13.5 ಗಂಟೆ ಹಿಂದೆ, ಬೇಸಿಗೆಯಲ್ಲಿ 12.5 ಗಂಟೆ. ವಾಪಸ್ ಬರುವಾಗ ಇದು ಉಲ್ಟಾ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ 9ರ ಶನಿವಾರ ರಾತ್ರಿ ಹೊರಟು, ಇಲ್ಲಿ 11ರ ಸೋಮವಾರ ಬೆಳಗಿನ ಜಾವ ಇಳಿಯಿತು. ಭಾನುವಾರ ಪೂರ್ತಿ ಆಕಾಶದಲ್ಲೇ ಮುಗಿಯಿತು! ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು. ಅವರು ಬಂದದ್ದು ಉತ್ತರ ಧ್ರುವದ ಮೇಲೆ. ಗೋಡೆಯ ಭೂಪಟ ನೋಡಿದರೆ ಇದು ವಿಚಿತ್ರ ಅನಿಸುತ್ತದೆ. ಗ್ಲೋಬ್ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ, ಅದು ಧ್ರುವದ ಹತ್ತಿರವೇ ಹಾದು ಹೋಗುತ್ತದೆ. ಆದರೂ ದಿನವೂ ಅದೇ ದಾರಿ ಅಂತೇನಿಲ್ಲ. ಗಾಳಿ ಎತ್ತ ಬೀಸುತ್ತಿದೆ, ಯಾವ ದೇಶದ ಮೇಲೆ ಹಾರಬಹುದು ಎಂಬುದನ್ನು ನೋಡಿ ದಾರಿ ಹಾಕುತ್ತಾರೆ.

ಈಗ ಅಮ್ಮನ ವಿಷಯ. ನಮ್ಮಕ್ಕ ಆ ಕಡೆ ಇರುವುದರಿಂದ ಮನೆಯವರ ಟಿಕೆಟ್ ನೋಡುವ ಕೆಲಸ ನನ್ನದೇ. ನಾನು ಒಟ್ಟು ಗಂಟೆಗಿಂತ, ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರಬೇಕು ಅನ್ನುವುದನ್ನು ನೋಡುತ್ತೇನೆ. ದುಬೈ ಮೇಲೆ ಹೋದರೆ ಮೊದಲು 4 ಗಂಟೆ, ಆಮೇಲೆ ಹತ್ತಿರ ಹತ್ತಿರ 16 ಗಂಟೆ. ಸಿಂಗಪುರದ ಕಥೆಯೂ ಅಷ್ಟೇ. ಅಂದರೆ ನೇರ ವಿಮಾನದಷ್ಟೇ ಕೂತೂ ಕೂತು, ಮೇಲೊಂದು ವಿಮಾನ ಬದಲಿಸುವ ತಾಪತ್ರಯ. ಇದರಲ್ಲಿ ಲಾಭ ಏನು ಬಂತು? ಫ್ರಾಂಕ್‌ಫರ್ಟ್ ಅಥವಾ ಲಂಡನ್ ಆದರೆ ಸುಮಾರು 10 ಮತ್ತು 11 ಗಂಟೆ, ದಾರಿ ಅರ್ಧಕ್ಕೆ ಮುರಿಯುತ್ತದೆ. ಮಂಡಿ ನೋವು ಇರುವವರಿಗೆ ನಾನು ಹೇಳುವುದು ಇದನ್ನೇ. ಕೂರುವುದು ಕಷ್ಟವಿಲ್ಲ, ದೊಡ್ಡ ಏರ್‌ಪೋರ್ಟ್‌ನಲ್ಲಿ ಗೇಟ್ ಹುಡುಕುವುದೇ ಭಯ ಅನ್ನುವವರಿಗೆ, ಆ ದಿನಕ್ಕೆ ನೇರ ವಿಮಾನ ಇದ್ದರೆ ಅದೇ ಸರಿ.

ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ. ನಡೆಯಲು ಬಂದರೂ ಸಂಕೋಚ ಬೇಡ, ದೂರ ನಡೆಯಲು ಕಷ್ಟ ಎಂದರೆ ಸಾಕು. ಗೇಟ್ ತನಕ ಅವರೇ ಕರೆದುಕೊಂಡು ಹೋಗುತ್ತಾರೆ. ಸಸ್ಯಾಹಾರದ ಊಟವನ್ನೂ ಮುಂಚೆಯೇ ಹೇಳಿಡಿ. ಮತ್ತೆ, ಸ್ವಲ್ಪ ಅಗ್ಗ ಸಿಗುತ್ತದೆ ಅಂತ ಎರಡು ವಿಮಾನಕ್ಕೆ ಬೇರೆ ಬೇರೆ ಟಿಕೆಟ್ ಕೊಳ್ಳಬೇಡಿ. ಒಂದೇ ಬುಕಿಂಗ್‌ನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ವಿಮಾನ ಕಂಪನಿಯದೇ.